ಟ್ರ್ಯಾಕ್‌ಬಾಲ್ ಮೌಸ್: ಹಣದ ಜೊತೆಗೆ ಕಾಲಾವಕಾಶವೂ ಬೇಕು

ವರ್ತಕರ ಮೇಜಿನ ಮೇಲೆ ಖಾತೆ ಪುಸ್ತಕಗಳಿದ್ದ ಜಾಗಕ್ಕೆ ಗಣಕಯಂತ್ರ ಬಂದು ಎರಡು ದಶಕಗಳೇ ಕಳೆದಿವೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ರಿಟರ್ನ್ ಸಲ್ಲಿಕೆ, ಇ-ವೇ ಬಿಲ್, ಖರೀದಿ ಬಿಲ್ಲುಗಳ ತಾಳೆ ಎಲ್ಲವೂ ಪರದೆಯ ಮೇಲೆಯೇ ನಡೆಯುತ್ತಿವೆ. 2023ರ ಆಗಸ್ಟ್ 1ರಿಂದ ವಾರ್ಷಿಕ 5 ಕೋಟಿ ರೂಪಾಯಿ ಮೀರಿದ ವಹಿವಾಟುಳ್ಳ ಉದ್ದಿಮೆಗಳಿಗೆ ಇ-ಇನ್‌ವಾಯ್ಸ್ ಸಹ ಕಡ್ಡಾಯವಾಯಿತು. ಹೀಗಾಗಿ ಸಣ್ಣ ಸಂಸ್ಥೆಗಳಲ್ಲಿಯೂ ಗಣಕಯಂತ್ರದ ಮುಂದೆ ಕಳೆಯುವ ಗಂಟೆಗಳು ಹೆಚ್ಚಿವೆ. ಪ್ರಿಂಟರ್ ಅಥವಾ ಯುಪಿಎಸ್ ಕೊಳ್ಳುವಾಗ ಮೂರು ಕಡೆ ಕೊಟೇಶನ್ ತರಿಸಿ ತೂಗಿ ನೋಡುವ ಮಾಲೀಕರು, ನೌಕರರ ಕೈ ದಿನವಿಡೀ ಹಿಡಿದಿರುವ ಮೌಸ್ ಬಗ್ಗೆ ಮಾತ್ರ ಯೋಚಿಸುವುದು ಅಪರೂಪ. ಯಂತ್ರದ ಜೊತೆಗೆ ಬಂದದ್ದೇ ಮೌಸ್. ಅದು ಕೆಟ್ಟರೆ ಪಕ್ಕದ ಅಂಗಡಿಯಿಂದ ತಂದದ್ದೇ ಮೌಸ್ ಎಂಬಂತಾಗಿದೆ.

ಡಿ.ಟಿ.ಪಿ. ಕೇಂದ್ರದಲ್ಲಿ ಪುಟ ಕಟ್ಟುವವರು, ಎಂಜಿನಿಯರಿಂಗ್ ಘಟಕದಲ್ಲಿ ಕ್ಯಾಡ್ ನಕ್ಷೆ ತಯಾರಿಸುವವರು, ಲೆಕ್ಕಪತ್ರ ವಿಭಾಗದಲ್ಲಿ ಪೋರ್ಟಲ್‌ಗಳ ನಡುವೆ ಓಡಾಡುವವರು ಸಂಜೆಯ ಹೊತ್ತಿಗೆ ಮಣಿಕಟ್ಟು ನೀವಿಕೊಳ್ಳುವುದನ್ನು ಕಾಣದ ಕಚೇರಿ ವಿರಳ. ಆದರೆ ಅದನ್ನು ಮಾಲೀಕರ ಮುಂದೆ ಹೇಳಲು ನೌಕರರು ಹಿಂಜರಿಯುತ್ತಾರೆ; ಕೈಲಾಗದವರೆಂಬ ಹೆಸರು ಬಂದೀತೆಂಬ ಅಂಜಿಕೆ ಅವರದು. ಹತ್ತು ಜನರಷ್ಟೇ ದುಡಿಯುವ ಸಂಸ್ಥೆಯಲ್ಲಿ ನುರಿತ ಕೈಯೊಂದು ತಿಂಗಳು ಕಾಲ ಕೆಲಸಕ್ಕೆ ಬಾರದಂತಾದರೆ ಆ ಜಾಗಕ್ಕೆ ಮತ್ತೊಂದು ಕೈಯನ್ನು ತಕ್ಷಣ ತರಲು ಆಗುವುದಿಲ್ಲ. ಈ ಹಿನ್ನೆಲೆಯಲ್ಲಿ ಟ್ರ್ಯಾಕ್‌ಬಾಲ್ ಮೌಸ್ ಉದ್ದಿಮೆದಾರರ ಗಮನಕ್ಕೆ ಅರ್ಹವಾಗಿದೆ. ಆದರೆ ಅದನ್ನು ಕೊಂಡು ಮೇಜಿನ ಮೇಲಿಟ್ಟ ಮಾತ್ರಕ್ಕೆ ಪ್ರಯೋಜನವಾಗದು. ಯಾರ ಕೈಗೆ ಯಾವುದು ಎಂಬ ವಿವೇಚನೆಯೂ ಕೈ ಪಳಗುವವರೆಗೆ ಕಾಯುವ ಸಹನೆಯೂ ಮಾಲೀಕರಲ್ಲಿ ಇರಬೇಕು.

ಮೌಸ್‌ಗಿಂತ ಹಿರಿಯ ಸಾಧನ

ಸಾಮಾನ್ಯ ಮೌಸ್‌ನಲ್ಲಿ ಸಾಧನವೇ ಮೇಜಿನ ಮೇಲೆ ಅತ್ತಿತ್ತ ಚಲಿಸುತ್ತದೆ. ಟ್ರ್ಯಾಕ್‌ಬಾಲ್‌ನಲ್ಲಿ ಸಾಧನ ಇದ್ದಲ್ಲಿಯೇ ಇರುತ್ತದೆ. ಅದರ ಮೇಲಿರುವ ಗುಂಡನ್ನು ಬೆರಳಿನಿಂದ ಉರುಳಿಸಿದಾಗ ಪರದೆಯ ಮೇಲಿನ ಕರ್ಸರ್ ಚಲಿಸುತ್ತದೆ. ಹೊಟ್ಟೆಯಲ್ಲಿ ರಬ್ಬರ್ ಗುಂಡು ಹೊತ್ತಿದ್ದ ಹಳೆಯ ಮೌಸ್ ಅನ್ನು ಮಗುಚಿಟ್ಟಂತೆ ಎಂದರೆ ತಿಳಿಯಲು ಸುಲಭವಾದೀತು.

ಇದು ಹೊಸ ಷೋಕಿಯ ವಸ್ತುವೆಂಬ ಭಾವನೆ ಕೆಲವರಲ್ಲಿದೆ. ವಾಸ್ತವವಾಗಿ ಟ್ರ್ಯಾಕ್‌ಬಾಲ್ ಮೌಸ್‌ಗಿಂತ ಹಿರಿಯದು. ಬ್ರಿಟನ್ನಿನ ನೌಕಾಪಡೆಗಾಗಿ ದುಡಿಯುತ್ತಿದ್ದ ರಾಲ್ಫ್ ಬೆಂಜಮಿನ್ 1946ರಲ್ಲಿಯೇ ಇಂತಹ ಸಾಧನವನ್ನು ರೂಪಿಸಿದ್ದರು. ಸೇನಾ ರಹಸ್ಯವಾದ್ದರಿಂದ ಅದು ಬಹುಕಾಲ ಹೊರಜಗತ್ತಿಗೆ ತಿಳಿಯಲಿಲ್ಲ. ಕೆನಡಾದ ನೌಕಾಪಡೆಗಾಗಿ 1952ರ ಸುಮಾರಿಗೆ ರೂಪುಗೊಂಡ ಡಾಟಾರ್ ವ್ಯವಸ್ಥೆಯಲ್ಲಿ ಬೌಲಿಂಗ್ ಆಟದ ಚೆಂಡನ್ನೇ ಗುಂಡಾಗಿ ಬಳಸಲಾಗಿತ್ತು. ಡಗ್ಲಸ್ ಎಂಗೆಲ್‌ಬಾರ್ಟ್ ತಮ್ಮ ಮೌಸ್ ಅನ್ನು ಸಾರ್ವಜನಿಕರೆದುರು ಪ್ರದರ್ಶಿಸಿದ್ದು 1968ರ ಡಿಸೆಂಬರ್ 9ರಂದು. ಅಗ್ಗವೂ ಕಲಿಯಲು ಸುಲಭವೂ ಆದ ಮೌಸ್ ಮುಂದೆ ಮನೆಮಾತಾಯಿತು. ಆದರೂ ಆಸ್ಪತ್ರೆಗಳ ಅಲ್ಟ್ರಾಸೌಂಡ್ ಯಂತ್ರಗಳಲ್ಲಿ, ವಿಮಾನ ಸಂಚಾರ ನಿಯಂತ್ರಣದ ಮೇಜುಗಳಲ್ಲಿ, ಕೈಗಾರಿಕಾ ಯಂತ್ರಗಳ ನಿಯಂತ್ರಣ ಫಲಕಗಳಲ್ಲಿ ಟ್ರ್ಯಾಕ್‌ಬಾಲ್ ತನ್ನ ಸ್ಥಾನವನ್ನು ಉಳಿಸಿಕೊಂಡಿದೆ. ಮೌಸ್ ಓಡಾಡಲು ಸ್ಥಳವಿಲ್ಲದೆಡೆ, ಕರ್ಸರ್ ಬಿಟ್ಟಲ್ಲಿಯೇ ನಿಲ್ಲಬೇಕಾದೆಡೆ ಅದಕ್ಕೆ ಬೇಡಿಕೆ ಇದ್ದೇ ಇದೆ.

ಯಾರಿಗೆ ಬೇಕು, ಯಾರಿಗೆ ಬೇಡ

ಎಲ್ಲರಿಗೂ ಟ್ರ್ಯಾಕ್‌ಬಾಲ್ ಬೇಕೆಂಬ ವಾದ ಸರಿಯಲ್ಲ. ಟ್ಯಾಲಿಯಂತಹ ತಂತ್ರಾಂಶದಲ್ಲಿ ವೋಚರ್ ದಾಖಲಿಸುವವರ ಕೆಲಸ ಬಹುಪಾಲು ಕೀಲಿಮಣೆಯ ಮೇಲೆಯೇ ಸಾಗುತ್ತದೆ; ಅವರಿಗೆ ಇದರಿಂದ ಆಗುವ ಲಾಭ ಅಲ್ಪ. ಪಾಳಿಯ ಮೇಲೆ ಮೂರು ನಾಲ್ಕು ಜನ ಕೂರುವ ಬಿಲ್ಲಿಂಗ್ ಕೌಂಟರಿಗೂ ಇದು ಒಗ್ಗದು. ರೂಢಿಯಿಲ್ಲದ ಕೈ ಗಿರಾಕಿಗಳ ಎದುರಿನಲ್ಲಿ ತಡವರಿಸುವಂತಾಗುತ್ತದೆ.

ಒಂದೇ ಮೇಜಿನಲ್ಲಿ ಒಬ್ಬರೇ ಕುಳಿತು ದಿನದ ಬಹುಭಾಗ ಕರ್ಸರ್ ಚಲಿಸುವವರಿಗೆ ಇದರ ಉಪಯೋಗ ಹೆಚ್ಚು. ದೊಡ್ಡ ಎಕ್ಸೆಲ್ ಹಾಳೆಗಳಲ್ಲಿ ತಾಳೆ ನೋಡುವವರು, ಪುಟ ವಿನ್ಯಾಸ ಮಾಡುವವರು, ನಕ್ಷೆ ತಯಾರಕರು, ಎರಡು ಪರದೆಗಳನ್ನು ಜೋಡಿಸಿಕೊಂಡು ದುಡಿಯುವವರು ಈ ಗುಂಪಿಗೆ ಸೇರುತ್ತಾರೆ. ಫೈಲು, ರಸೀತಿ ಪುಸ್ತಕ, ಕ್ಯಾಲ್ಕುಲೇಟರ್‌ಗಳಿಂದ ತುಂಬಿದ ಇಕ್ಕಟ್ಟಾದ ಮೇಜುಗಳಿಗೂ ಇದು ತಕ್ಕುದು. ಅಂಗೈ ಅಗಲದ ಜಾಗವಿದ್ದರೆ ಸಾಕು, ಮೌಸ್ ಪ್ಯಾಡ್ ಬೇಕಿಲ್ಲ.

ವೇಗ ಹೆಚ್ಚೀತೆಂಬ ನಿರೀಕ್ಷೆಯಿಂದ ಇದನ್ನು ಕೊಳ್ಳುವುದು ತರವಲ್ಲ. 1991ರಲ್ಲಿ ಮೆಕೆಂಜಿ, ಸೆಲೆನ್ ಮತ್ತು ಬಕ್ಸ್‌ಟನ್ ಎಂಬ ಸಂಶೋಧಕರು ಮೌಸ್, ಲೇಖನಿಯುಳ್ಳ ಟ್ಯಾಬ್ಲೆಟ್ ಹಾಗೂ ಟ್ರ್ಯಾಕ್‌ಬಾಲ್‌ಗಳನ್ನು ಹೋಲಿಸಿದಾಗ ಟ್ರ್ಯಾಕ್‌ಬಾಲ್ ಹಿಂದೆ ಬಿದ್ದಿತ್ತು. ಗುಂಡಿ ಒತ್ತಿ ಹಿಡಿದು ಎಳೆಯುವ ಕೆಲಸದಲ್ಲಿ ಅದರ ತಪ್ಪುಗಳೂ ಹೆಚ್ಚಿದ್ದವು. ಇದು ನೋವಿಗೆ ಔಷಧವೂ ಅಲ್ಲ. ತೋಳನ್ನು ಪದೇ ಪದೇ ಚಾಚಿ ಎಳೆಯುವ ಶ್ರಮ ತಪ್ಪುವುದರಿಂದ ಭುಜದ ಮೇಲಿನ ಹೊರೆ ಇಳಿಯುತ್ತದೆ. ಆದರೆ ಎತ್ತರವಾದ ಸಾಧನದ ಮೇಲೆ ಕೈಯಿಟ್ಟಾಗ ಮಣಿಕಟ್ಟು ಹಿಂದಕ್ಕೆ ಬಾಗುವ ಸಂಭವವೂ ಇದೆ. ಬೆರಳು ಜೋಮು ಹಿಡಿಯುವುದು, ರಾತ್ರಿ ಹೊತ್ತು ಕೈ ನೋಯುವುದು ಮುಂತಾದ ಲಕ್ಷಣಗಳಿದ್ದವರು ಮೊದಲು ವೈದ್ಯರನ್ನು ಕಾಣಬೇಕೇ ಹೊರತು ಅಂಗಡಿಯನ್ನಲ್ಲ.

ಆಯ್ಕೆಯ ಮಾನದಂಡಗಳು

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಒಂದು, ಹೆಬ್ಬೆರಳಿನಿಂದ ಗುಂಡು ಉರುಳಿಸುವಂಥದು. ಲಾಜಿಟೆಕ್ ಸಂಸ್ಥೆ 2020ರಲ್ಲಿ ಹೊರತಂದ ಎರ್ಗೋ ಎಂ575 ಈ ಬಗೆಯದು. ಅದರ ಗುಂಡಿನ ವ್ಯಾಸ 34 ಮಿ.ಮೀ. ಆಕಾರ ಸಾಮಾನ್ಯ ಮೌಸ್ ಅನ್ನು ಹೋಲುವುದರಿಂದ, ಕ್ಲಿಕ್ ಮಾಡುವ ಬೆರಳುಗಳು ಬದಲಾಗದಿರುವುದರಿಂದ ಬೇಗ ರೂಢಿಯಾಗುತ್ತದೆ. ಆದರೆ ಇಡೀ ಚಲನೆಯ ಭಾರ ಹೆಬ್ಬೆರಳೊಂದರ ಮೇಲೆ ಬೀಳುತ್ತದೆ. ದಿನವಿಡೀ ಮೊಬೈಲ್ ಒತ್ತಿ ಹೆಬ್ಬೆರಳಿನ ಬುಡದಲ್ಲಿ ಆಗಲೇ ನೋವಿರುವವರಿಗೆ ಇದು ಸಲ್ಲದು. ಇಂತಹ ಬಹುಪಾಲು ಮಾದರಿಗಳು ಬಲಗೈಗಷ್ಟೇ ಹೊಂದುತ್ತವೆ ಎಂಬುದನ್ನೂ ಗಮನಿಸಬೇಕು.

ಇನ್ನೊಂದು, ನಡುವೆ ದೊಡ್ಡ ಗುಂಡಿದ್ದು ಎರಡು ಮೂರು ಬೆರಳುಗಳಿಂದ ಉರುಳಿಸುವಂಥದು. ಕೆನ್ಸಿಂಗ್‌ಟನ್ ಸಂಸ್ಥೆಯ ಎಕ್ಸ್‌ಪರ್ಟ್ ಮೌಸ್ ಇದಕ್ಕೆ ಉದಾಹರಣೆ. ಗುಂಡಿನ ವ್ಯಾಸ 55 ಮಿ.ಮೀ. ಗುಂಡು ದೊಡ್ಡದಾದಷ್ಟೂ ಸೂಕ್ಷ್ಮ ಚಲನೆ ಹಿಡಿತಕ್ಕೆ ಸಿಗುತ್ತದೆ, ಶ್ರಮವೂ ಹಲವು ಬೆರಳುಗಳಿಗೆ ಹಂಚಿಹೋಗುತ್ತದೆ. ಕಲಿಯಲು ಮಾತ್ರ ಹೆಚ್ಚು ಕಾಲ ಬೇಕು. ಎಡಬಲಗಳೆರಡೂ ಒಂದೇ ಆಕಾರದಲ್ಲಿರುವುದರಿಂದ ಇದನ್ನು ಕೀಲಿಮಣೆಯ ಎಡಭಾಗದಲ್ಲಿಯೂ ಇಟ್ಟುಕೊಳ್ಳಬಹುದು. ಲೆಕ್ಕಪತ್ರದವರಿಗೆ ಇದೊಂದು ದೊಡ್ಡ ಅನುಕೂಲ. ಬಲಗೈ ಅಂಕಿಗಳ ಕೀಲಿಗಳ ಮೇಲೆ ಅಥವಾ ಪೆನ್ನಿನ ಮೇಲೆ ಉಳಿದು, ಕರ್ಸರ್‌ನ ಕೆಲಸ ಎಡಗೈಯ ಪಾಲಿಗೆ ಬರುತ್ತದೆ.

ಧೂಳಿನ ಪ್ರಶ್ನೆಯನ್ನು ಸಣ್ಣ ಕೈಗಾರಿಕೆಗಳವರು ಅವಶ್ಯವಾಗಿ ಪರಿಗಣಿಸಬೇಕು. ಹಿಟ್ಟಿನ ಗಿರಣಿ, ಹತ್ತಿಯ ಘಟಕ, ಲೋಹದ ಪುಡಿ ಹಾರುವ ಕಾರ್ಖಾನೆ ಇವುಗಳಲ್ಲಿ ಗುಂಡನ್ನು ಹೊತ್ತಿರುವ ಮೂರು ಪುಟ್ಟ ಆಧಾರಗಳ ಮೇಲೆ ಕಸ ಕೂಡಿಕೊಂಡು ಚಲನೆ ತೊಡರುತ್ತದೆ. ಆದ್ದರಿಂದ ಗುಂಡನ್ನು ಉಪಕರಣದ ಸಹಾಯವಿಲ್ಲದೆ ಹೊರತೆಗೆಯಬಹುದಾದ ಮಾದರಿಯನ್ನೇ ಆರಿಸಬೇಕು. ವಾರಕ್ಕೊಮ್ಮೆ ಗುಂಡು ತೆಗೆದು ಒಣ ಬಟ್ಟೆಯಿಂದ ಒರೆಸಿ, ಆಧಾರಗಳ ಮೇಲಿನ ಕಸ ತೆಗೆದರೆ ಸಾಕು. ಹೊಸ ಗುಂಡು ಮೊದಲ ದಿನಗಳಲ್ಲಿ ತುಸು ಬಿಗಿಯಾಗಿ ತೋರಿದರೆ ಅದು ದೋಷವಲ್ಲ. ಬೆರಳಿನ ಜಿಡ್ಡು ತಗುಲಿದಂತೆ ನುಣುಪಾಗುತ್ತದೆ.

ಸಾಮಾನ್ಯ ಮೌಸ್ ಕೆಲವು ನೂರು ರೂಪಾಯಿಗಳಿಗೆ ದೊರೆತರೆ, ಒಳ್ಳೆಯ ಟ್ರ್ಯಾಕ್‌ಬಾಲ್‌ಗೆ ಕೆಲವು ಸಾವಿರ ತೆರಬೇಕು. ಸಂಸ್ಥೆಯ ಹೆಸರಿನಲ್ಲಿ ತೆರಿಗೆ ಬಿಲ್ ಪಡೆದರೆ ಕಾಂಪೋಸಿಷನ್ ಯೋಜನೆಗೆ ಒಳಪಡದ ನೋಂದಾಯಿತ ವರ್ತಕರಿಗೆ ಶೇ. 18ರ ತೆರಿಗೆಯ ಮೇಲೆ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ಐದು ಜನರಿಗೆ ಒಮ್ಮೆಲೇ ಐದು ಕೊಳ್ಳುವ ಬದಲು ಮೊದಲು ಒಂದನ್ನು ಕೊಂಡು, ಇಷ್ಟಪಟ್ಟವರ ಕೈಯಲ್ಲಿ ಪರೀಕ್ಷಿಸಿ ಮುಂದುವರಿಯುವುದು ಜಾಣತನ. ಅಂಗೈಯ ಅಳತೆ ಒಬ್ಬರಿಂದ ಒಬ್ಬರಿಗೆ ಬೇರೆ. ಮಾಲೀಕರ ಕೈಗೆ ಹಿತವಾದದ್ದು ಗುಮಾಸ್ತರ ಕೈಗೆ ಹಿತವಾಗಬೇಕೆಂದಿಲ್ಲ.

ರೂಢಿಯಾಗುವ ಬಗೆ

ಕನ್ನಡ ಬೆರಳಚ್ಚು ಯಂತ್ರದಲ್ಲಿ ಪಳಗಿದವರು ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿಯ ಕೀಲಿಮಣೆಗೆ ಬಂದಾಗ ಅನುಭವಿಸಿದ ತಡವರಿಕೆಯನ್ನು ಮುದ್ರಣಾಲಯದವರು ಬಲ್ಲರು. ಗೊತ್ತಿದ್ದ ವಿದ್ಯೆಯೇ ಕೈಕೊಟ್ಟಂತಾಗಿ, ಕೆಲವು ವಾರಗಳ ಬಳಿಕ ಬೆರಳುಗಳು ತಾವಾಗಿಯೇ ದಾರಿ ಹಿಡಿದವು. ಟ್ರ್ಯಾಕ್‌ಬಾಲ್‌ನದೂ ಇದೇ ಕಥೆ. ಮೊದಲ ದಿನ ಕರ್ಸರ್ ಗುರಿ ದಾಟಿ ಓಡುತ್ತದೆ, ಕ್ಲಿಕ್ ಮಾಡುವಾಗ ಗುಂಡು ಸರಿದು ಬೇರೆ ಕಡೆ ಒತ್ತಿದಂತಾಗುತ್ತದೆ. ಕೆಲವರಿಗೆ ನಾಲ್ಕೈದು ದಿನಗಳಲ್ಲಿ, ಕೆಲವರಿಗೆ ಎರಡು ಮೂರು ವಾರಗಳಲ್ಲಿ ಹಿಡಿತ ಸಿಗುತ್ತದೆ. ಬಹಳಷ್ಟು ಟ್ರ್ಯಾಕ್‌ಬಾಲ್‌ಗಳು ಮೂರನೆಯ ದಿನಕ್ಕೇ ಕಪಾಟು ಸೇರುವುದು ಈ ಅವಧಿಯನ್ನು ದಾಟಲಾಗದೆ.

ಆರಂಭಿಸುವ ದಿನವನ್ನು ಯೋಚಿಸಿ ಆರಿಸಬೇಕು. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವ ಸಂಸ್ಥೆಯಲ್ಲಿ 20ರಂದು ಜಿಎಸ್‌ಟಿಆರ್-3ಬಿ ಮುಗಿದ ಮರುದಿನ ಶುರು ಮಾಡಿದರೆ, ಮುಂದಿನ 11ರ ಜಿಎಸ್‌ಟಿಆರ್-1ರ ಗಡುವಿನವರೆಗೆ ಸುಮಾರು ಮೂರು ವಾರ ದೊರೆಯುತ್ತದೆ. ಮಾರ್ಚ್ ಅಂತ್ಯದ ಗಡಿಬಿಡಿಯಲ್ಲಿ ಈ ಪ್ರಯೋಗ ಕೂಡದು. ಮೊದಲ ವಾರ ದಿನಕ್ಕೆ ಒಂದೆರಡು ಗಂಟೆ, ಓದುವ ಮತ್ತು ತಾಳೆ ನೋಡುವ ಕೆಲಸಗಳಿಗಷ್ಟೇ ಬಳಸಿ, ಹಳೆಯ ಮೌಸ್ ಅನ್ನೂ ಜೋಡಿಸಿಟ್ಟುಕೊಂಡಿರುವುದು ಲೇಸು. ಒಂದೇ ಯಂತ್ರದಲ್ಲಿ ಎರಡೂ ಕೆಲಸ ಮಾಡುತ್ತವೆ.

ವಿಂಡೋಸ್‌ನ ಮೌಸ್ ಸೆಟ್ಟಿಂಗ್‌ನಲ್ಲಿ ಕರ್ಸರ್‌ನ ವೇಗವನ್ನು ಮೊದಲಿಗೆ ತಗ್ಗಿಸಿಟ್ಟು, ಕೈ ಪಳಗಿದಂತೆ ಏರಿಸಬೇಕು. ದಿನಕ್ಕೊಮ್ಮೆ ಬದಲಿಸಿದರೆ ಕೈಗೆ ಯಾವ ಅಂದಾಜೂ ಕೂರುವುದಿಲ್ಲ. ಗುಂಡಿ ಒತ್ತಿ ಹಿಡಿದು ಎಳೆಯುವುದು ಕಷ್ಟವಾದರೆ ಅಲ್ಲಿಯೇ ಇರುವ ‘ಕ್ಲಿಕ್‌ಲಾಕ್’ ಸೌಲಭ್ಯವನ್ನು ಬಳಸಬಹುದು. ಆಗ ಗುಂಡಿಯನ್ನು ಒಮ್ಮೆ ತುಸು ಹೊತ್ತು ಒತ್ತಿ ಬಿಟ್ಟರೂ ಹಿಡಿದಂತೆಯೇ ಉಳಿಯುತ್ತದೆ. ದೂರಕ್ಕೆ ಹೋಗಲು ಗುಂಡನ್ನು ಮೆಲ್ಲನೆ ಚಿಮ್ಮಿ, ಗುರಿಯ ಬಳಿ ಬೆರಳಿನಿಂದ ತಡೆದು, ಬಳಿಕ ಸೂಕ್ಷ್ಮವಾಗಿ ಸರಿಸುವುದು ಅಭ್ಯಾಸವಾಗಬೇಕು. ಮುಂಗೈ ಮೇಜಿನ ಮೇಲೆ ಒರಗಿರಬೇಕು, ಮಣಿಕಟ್ಟು ಆದಷ್ಟು ನೇರವಾಗಿರಬೇಕು. ಸಾಧನ ಎತ್ತರವೆನಿಸಿದರೆ ಅಂಗೈಯ ಬುಡಕ್ಕೆ ಒತ್ತು ಕೊಡುವುದು ಒಳಿತು. ಮೂರು ವಾರಗಳ ಬಳಿಕವೂ ನೋವು ಹೆಚ್ಚಿದರೆ ಅಥವಾ ಹೊಸ ಜಾಗದಲ್ಲಿ ನೋವು ಕಾಣಿಸಿಕೊಂಡರೆ ಹಟ ಹಿಡಿಯದೆ ಬಿಟ್ಟುಬಿಡಬೇಕು.

ಮಾಲೀಕರ ಹೊಣೆ

ಇಷ್ಟು ರಗಳೆಗಿಂತ ಹಳೆಯ ಮೌಸೇ ಲೇಸಲ್ಲವೇ ಎಂಬ ಪ್ರಶ್ನೆ ಸಹಜ. ನೋವಿಲ್ಲದ, ಸ್ಥಳದ ತೊಂದರೆಯಿಲ್ಲದ ಮೇಜುಗಳ ಮಟ್ಟಿಗೆ ಅದು ನಿಜವೂ ಹೌದು. ಕುರ್ಚಿಯ ಎತ್ತರ ಸರಿಪಡಿಸುವುದು, ಗಂಟೆಗೊಮ್ಮೆ ಎದ್ದು ಕೈ ಝಾಡಿಸಲು ಅವಕಾಶ ಕೊಡುವುದು ಖರ್ಚಿಲ್ಲದ ಉಪಾಯಗಳು. ಅವುಗಳನ್ನು ಮೊದಲು ಮಾಡಬೇಕು. ಅಷ್ಟಾದರೂ ತೊಂದರೆ ತಪ್ಪದ ಕಡೆ ಟ್ರ್ಯಾಕ್‌ಬಾಲ್ ಅನ್ನು ಪರೀಕ್ಷಿಸದೆ ತಳ್ಳಿಹಾಕುವುದು ನ್ಯಾಯವಲ್ಲ.

ಲೇತ್ ಯಂತ್ರದ ಮುಂದೆ ಹೊಸಬರನ್ನು ನಿಲ್ಲಿಸುವಾಗ ಮೊದಲ ತಿಂಗಳ ಉತ್ಪಾದನೆ ತಗ್ಗುವುದೆಂದು ಲೆಕ್ಕ ಹಾಕಿಯೇ ಉದ್ದಿಮೆದಾರರು ಮುಂದಡಿ ಇಡುತ್ತಾರೆ. ಕಚೇರಿಯ ಮೇಜಿಗೆ ಮಾತ್ರ ಆ ಲೆಕ್ಕ ಅನ್ವಯವಾಗುತ್ತಿಲ್ಲ. ಹೊಸ ಸಾಧನ ಕೊಟ್ಟು, ಎರಡನೆಯ ದಿನವೇ ‘ಯಾಕಿಷ್ಟು ನಿಧಾನ’ ಎಂದು ಕೇಳಿದರೆ ನೌಕರರು ಅದನ್ನು ಬದಿಗಿಟ್ಟು ನೋಯುವ ಕೈಯಿಂದಲೇ ಹಳೆಯ ಮೌಸ್ ಹಿಡಿಯುತ್ತಾರೆ. ಕೊಟ್ಟ ಸಾವಿರಾರು ರೂಪಾಯಿ ಕಪಾಟಿನಲ್ಲಿ ಧೂಳು ತಿನ್ನುತ್ತದೆ, ನೋವು ಹಾಗೆಯೇ ಉಳಿಯುತ್ತದೆ. ಬೇಕೋ ಬೇಡವೋ ಎಂಬ ಕೊನೆಯ ಮಾತನ್ನು ಬಳಸುವವರಿಗೇ ಬಿಟ್ಟು, ಮೂರು ವಾರಗಳ ನಿಧಾನಗತಿಯನ್ನು ಸಾಧನದ ಬೆಲೆಯ ಒಂದು ಭಾಗವೆಂದೇ ಭಾವಿಸುವ ಸಂಸ್ಥೆಗಳಷ್ಟೇ ಇದರ ಫಲ ಪಡೆಯಬಲ್ಲವು.

ಸದಸ್ಯ ಸಂಸ್ಥೆಗಳು ಈ ದಿಸೆಯಲ್ಲಿ ದೊಡ್ಡ ಯೋಜನೆಗಳನ್ನೇನೂ ಹಾಕಿಕೊಳ್ಳಬೇಕಾಗಿಲ್ಲ. ತಮ್ಮ ಕಚೇರಿಯಲ್ಲಿ ಹೆಚ್ಚು ಹೊತ್ತು ಮೌಸ್ ಹಿಡಿಯುವವರು ಯಾರೆಂದು ಗುರುತಿಸಿ, ಅವರ ಕೈ ಹೇಗಿದೆಯೆಂದು ಒಮ್ಮೆ ವಿಚಾರಿಸುವುದು ಮೊದಲ ಹೆಜ್ಜೆಯಾಗಲಿ. ಖರೀದಿಯ ಪ್ರಶ್ನೆ ಬರುವುದು ಅದಾದ ಮೇಲೆ.