ಏರಿದ್ದೋ, ಇಳಿದದ್ದೋ

ಮೂವತ್ತೆರಡು ವರ್ಷ ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದವನು. ಕೇಳುವುದಕ್ಕೆ ಒಂದೇ, ಅರ್ಥ ಮಾತ್ರ ಬೇರೆ ಎನ್ನುವ ಪದಗಳ ಪಟ್ಟಿಯೊಂದು ಪ್ರತಿವರ್ಷವೂ ನನ್ನ ಬೋರ್ಡಿನ ಮೇಲೆ ಬರುತ್ತಿತ್ತು. ನಿಂತಲ್ಲೇ ನಿಂತ ‘ಸ್ಟೇಷನರಿ’ಗೆ ‘ಎ’, ಕಾಗದ-ಪೆನ್ನಿನ ‘ಸ್ಟೇಷನರಿ’ಗೆ ‘ಇ’. ಕಾಲೇಜಿನ ‘ಪ್ರಿನ್ಸಿಪಲ್’ ಬೇರೆ, ತತ್ವವೆಂಬ ‘ಪ್ರಿನ್ಸಿಪಲ್’ ಬೇರೆ. ತಪ್ಪಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಆ ತಪ್ಪುಗಳಿಂದ ಯಾರಿಗಾದರೂ ಒಂದು ಪೈಸೆ ನಷ್ಟವಾದದ್ದನ್ನು ಕಾಣೆ. ಜೀವಕ್ಕೇ ಎರವಾಗುವ ಜೋಡಿಯೊಂದು ಮಾತ್ರ ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ.

ಅದು ತಿಳಿದದ್ದು ನಿವೃತ್ತನಾದ ಮೇಲೆ. ನನ್ನ ಅಕ್ಕನಿಗೆ ಸಕ್ಕರೆ ಕಾಯಿಲೆ. ಆಸ್ಪತ್ರೆಯಲ್ಲಿ ಇನ್ಸುಲಿನ್ ಶುರುಮಾಡಿ, ಎರಡು ಹಾಳೆಯ ಡಿಸ್ಚಾರ್ಜ್ ಚೀಟಿ ಕೊಟ್ಟು ಮನೆಗೆ ಕಳಿಸಿದ್ದರು. ಎಲ್ಲವೂ ಇಂಗ್ಲಿಷಿನಲ್ಲಿ. ಮೂರನೆಯ ರಾತ್ರಿ ಎರಡು ಗಂಟೆಗೆ ಅವಳ ಮಗ ಫೋನ್ ಮಾಡಿದ.

“ಮಾವ, ಅಮ್ಮ ಬೆವೆತು ತೊಪ್ಪೆಯಾಗಿದ್ದಾಳೆ. ಕೈ ನಡುಗ್ತಿದೆ, ಏನೇನೋ ಮಾತಾಡ್ತಿದಾಳೆ. ಚೀಟೀಲಿ ಇದಕ್ಕೆ ಹೈಪೋಗ್ಲೈಸೀಮಿಯಾ ಅಂತ ಬರೆದಿದೆ, ಬಂದರೆ ತಿಳಿಸಿ ಅಂತಿದೆ ಅಷ್ಟೆ. ಹಂಗಂದ್ರೇನು?”

ನಿದ್ದೆಗಣ್ಣು, ಗೊರಗುಡುವ ಫೋನು. ನನ್ನ ಕಿವಿಗೆ ಬಿದ್ದದ್ದು ‘ಹೈಪರ್’. “ಸಕ್ಕರೆ ಹೆಚ್ಚಾಗಿದೆ ಅಂತ ಕಣೋ, ಸಿಹಿ ಏನೂ ಕೊಡಬೇಡ” ಎಂದೆ. ಇನ್ಸುಲಿನ್ ಕೊಡಲೇ ಎಂದು ಅವನು ಕೇಳಿದ್ದರೆ ಅದಕ್ಕೂ ಹೂಂ ಎಂದುಬಿಡುತ್ತಿದ್ದೆನೇನೋ.

ಅಕ್ಕ ಉಳಿದದ್ದು ಪಕ್ಕದ ಮನೆಯ ನರ್ಸಮ್ಮನಿಂದ. ಗಲಾಟೆ ಕೇಳಿ ಬಂದ ಆಕೆ ಹಣೆ ಮುಟ್ಟಿ ನೋಡಿ, “ಸಕ್ಕರೆ ಇಳಿದುಹೋಗಿದೆ” ಎಂದವಳೇ ಮೂರು ಚಮಚ ಸಕ್ಕರೆಯನ್ನು ನೀರಿಗೆ ಕಲಸಿ ಕುಡಿಸಿದಳು. ಕಾಲು ಗಂಟೆಯಲ್ಲಿ ಅಕ್ಕ, “ಯಾಕ್ರೋ ಎಲ್ಲಾ ಎದ್ದು ಕೂತಿದ್ದೀರಿ?” ಎಂದಳಂತೆ.

ಗ್ರೀಕಿನಲ್ಲಿ ‘ಹೈಪೋ’ ಎಂದರೆ ಕೆಳಗೆ, ‘ಹೈಪರ್’ ಎಂದರೆ ಮೇಲೆ. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಇಳಿದರೆ ಮೊದಲನೆಯದು. ಅದಕ್ಕೆ ಸಕ್ಕರೆಯೇ ಮದ್ದು. ಏರಿದರೆ ಎರಡನೆಯದು, ಅಲ್ಲಿ ಸಕ್ಕರೆಯೇ ಶತ್ರು. ಒಂದರ ಔಷಧಿ ಇನ್ನೊಂದಕ್ಕೆ ವಿಷ. ಇಷ್ಟು ವಿರುದ್ಧವಾದ ಎರಡು ಸ್ಥಿತಿಗಳಿಗೆ, ಬಾಯಲ್ಲಿ ಹೇಳಿದರೆ ಒಂದು ಕೂದಲೆಳೆಯಷ್ಟೂ ಅಂತರವಿಲ್ಲದ ಹೆಸರುಗಳು!

“ಇಂಗ್ಲಿಷ್ ಸರಿಯಾಗಿ ಕಲಿಯಬೇಕಪ್ಪ” ಎನ್ನುವವರಿದ್ದಾರೆ. ಸ್ವಾಮಿ, ನನಗಿಂತ ಹೆಚ್ಚು ಕಲಿಯಬೇಕೆ? ಇಂಗ್ಲಿಷ್ ಮನೆಮಾತಾಗಿರುವವರೇ ಈ ತೊಡಕಿಗೆ ಕಲಿಯುವವನನ್ನು ದೂರಲಿಲ್ಲ, ಮಾತನ್ನೇ ತಿದ್ದಿಕೊಂಡರು. ಪೆಟ್ರೋಲ್ ಟ್ಯಾಂಕರಿನ ಹಿಂದೆ ಬರೆಯುವ ‘ಇನ್‌ಫ್ಲೇಮಬಲ್’ ನೋಡಿ. ‘ಇನ್‌ಕರೆಕ್ಟ್’ ಎಂದರೆ ಸರಿಯಲ್ಲ. ಹಾಗೆಯೇ ಇದು ಹೊತ್ತಿಕೊಳ್ಳದ್ದು ಎಂದು ತಿಳಿದರೆ ಕೆಟ್ಟಿರಿ. ಅದರ ಅರ್ಥ ಬೇಗ ಹೊತ್ತಿಕೊಳ್ಳುವುದು ಎಂದೇ. ಅಮೆರಿಕದ ಬೆಂಕಿ ಸುರಕ್ಷತೆಯವರು 1920ರ ದಶಕದಲ್ಲೇ ‘ಇನ್’ ಕಿತ್ತುಹಾಕಿ ‘ಫ್ಲೇಮಬಲ್’ ಎಂದು ಬರೆಯಿರಿ ಎಂದರು. ಅಲ್ಲಿಯ ಔಷಧ ನಿಯಂತ್ರಣ ಇಲಾಖೆ 2001ರಲ್ಲಿ, ಒಂದರಂತೊಂದು ಕಾಣುವ ಔಷಧಿಗಳ ಹೆಸರಿನಲ್ಲಿ ಭೇದವಿರುವ ಅಕ್ಷರಗಳನ್ನಷ್ಟೇ ದೊಡ್ಡದಾಗಿ ಅಚ್ಚುಹಾಕಲು ಕಂಪನಿಗಳಿಗೆ ಸೂಚಿಸಿತು. ನಮ್ಮಲ್ಲೂ ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ಔಷಧಿಯ ಹೆಸರನ್ನು ಓದಲು ಬರುವಂತೆ, ಸಾಧ್ಯವಾದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ನಿಯಮ ಮಾಡಿತು. ಒಳ್ಳೆಯದೇ. ಆದರೆ ಔಷಧಿ ಅಂಗಡಿಯವನಿಗೆ ತಿಳಿದರೆ ಸಾಕೆ? ರಾತ್ರಿ ಎರಡು ಗಂಟೆಗೆ ಚೀಟಿ ಹಿಡಿದು ಒದ್ದಾಡುವವನಿಗೆ ತಿಳಿಯುವುದು ಬೇಡವೆ?

“ವೈದ್ಯಶಾಸ್ತ್ರಕ್ಕೆ ಕನ್ನಡದಲ್ಲಿ ಪದಗಳೆಲ್ಲಿವೆ?” ಎಂಬುದು ಮತ್ತೊಂದು ರಾಗ. ಪದ ಟಂಕಿಸುವ ಪಂಡಿತರನ್ನು ನಾನು ಕರೆಯುತ್ತಿಲ್ಲ. ಅವರು ಬಂದರೆ ‘ಅಧೋ’, ‘ಅಧಿ’ ಎಂದು ಎರಡು ಸಂಸ್ಕೃತದ ಕೊಂಬು ಅಂಟಿಸಿ ಗ್ರೀಕಿನ ಗೊಂದಲವನ್ನೇ ಮರಳಿ ತರುತ್ತಾರೆ. ಏರು, ಇಳಿ—ಈ ಎರಡು ಮಾತು ಯಾವ ಕೆಟ್ಟ ಫೋನಿನಲ್ಲೂ ಒಂದಕ್ಕೊಂದು ಬೆರೆಯುವುದಿಲ್ಲ. ನರ್ಸಮ್ಮ ಆಡಿದ್ದು ಆ ಮಾತನ್ನೇ.

ಕನ್ನಡವನ್ನು ಆಡಳಿತ ಭಾಷೆಯೆಂದು ಕಾನೂನು ಮಾಡಿದ್ದು 1963ರಲ್ಲಿ. ಕಾಯಿಲೆಯವರ ಕೈಯ ಚೀಟಿಗೆ ಕನ್ನಡ ಬರಲು ಇನ್ನೆಷ್ಟು ವರ್ಷ ಬೇಕು? ವೈದ್ಯರು ತಮ್ಮೊಳಗೆ ಗ್ರೀಕನ್ನೇ ಆಡಿಕೊಳ್ಳಲಿ, ಬೇಡವೆನ್ನುವುದಿಲ್ಲ. ಮನೆಗೆ ಹೋಗುವ ಹಾಳೆಯಲ್ಲಿ ಮಾತ್ರ ಎರಡು ಸಾಲು ಕನ್ನಡವಿರಲಿ: ಸಕ್ಕರೆ ಇಳಿದರೆ ಹೀಗಾಗುತ್ತದೆ, ಇದನ್ನು ಕೊಡಿ, ಏರಿದರೆ ಹೀಗಾಗುತ್ತದೆ, ಇದನ್ನು ಮಾಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ.

ಅಕ್ಕನ ಅಡುಗೆಮನೆಯ ಗೋಡೆಗೆ ಈಗ ಅಂಥ ಹಾಳೆಯೊಂದು ಅಂಟಿಕೊಂಡಿದೆ. ಆಸ್ಪತ್ರೆ ಕೊಟ್ಟದ್ದಲ್ಲ, ನರ್ಸಮ್ಮ ಹೇಳಿದ್ದನ್ನು ಅಳಿಯ ಬರೆದದ್ದು. ಅದರಲ್ಲಿ ಎರಡು ಕಾಗುಣಿತದ ತಪ್ಪಿವೆ. ನಾನು ತಿದ್ದಲು ಹೋಗಿಲ್ಲ.