ಹಿರಿಯರ ತೆರಿಗೆ ವಿವರ: ರಿಯಾಯಿತಿ ಉಂಟು, ಕೈಹಿಡಿಯುವವರಿಲ್ಲ

ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 15 ಲಕ್ಷ ರೂಪಾಯಿ ಇಟ್ಟಿರುವ, 65 ದಾಟಿದ ಒಬ್ಬ ವಿಧವೆಯ ಲೆಕ್ಕ ಹಾಕಿ ನೋಡೋಣ. ಶೇ 8.2ರ ದರದಲ್ಲಿ ಅವರಿಗೆ ವರ್ಷಕ್ಕೆ 1.23 ಲಕ್ಷ ರೂಪಾಯಿ ಬಡ್ಡಿ ಬರುತ್ತದೆ. ಕುಟುಂಬ ಪಿಂಚಣಿ ತಿಂಗಳಿಗೆ 12 ಸಾವಿರ ಎಂದಿಟ್ಟುಕೊಂಡರೆ ಒಟ್ಟು ಆದಾಯ 2.67 ಲಕ್ಷ. ಹಳೆಯ ತೆರಿಗೆ ಪದ್ಧತಿಯಲ್ಲಿ 60 ದಾಟಿದವರಿಗೆ 3 ಲಕ್ಷದವರೆಗೆ ತೆರಿಗೆಯಿಲ್ಲ. ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ಯಾರಿಗೂ ಇಲ್ಲ. ಯಾವ ಪದ್ಧತಿ ಹಿಡಿದರೂ ಅವರು ಸರ್ಕಾರಕ್ಕೆ ಒಂದು ಪೈಸೆ ಕೊಡಬೇಕಿಲ್ಲ. ಆದರೂ ಬಡ್ಡಿ 1 ಲಕ್ಷ ದಾಟಿದ ಕಾರಣಕ್ಕೆ ಶೇ 10ರಂತೆ 12,300 ರೂಪಾಯಿ ಮೂಲದಲ್ಲೇ ತೆರಿಗೆಯಾಗಿ (ಟಿಡಿಎಸ್) ಕಡಿತವಾಗುತ್ತದೆ. ಅವರ ಒಂದು ತಿಂಗಳ ಪಿಂಚಣಿಗಿಂತ ಹೆಚ್ಚಿನ ಹಣ ಅದು.

ಇದನ್ನು ತಡೆಯಲು ಎರಡು ದಾರಿಗಳಿವೆ. ತನಗೆ ತೆರಿಗೆ ಬರುವುದಿಲ್ಲ ಎಂದು ಆರ್ಥಿಕ ವರ್ಷದ ಆರಂಭದಲ್ಲೇ ಬರೆದುಕೊಡುವುದು ಒಂದು. ಎಲ್ಲರೂ 15ಎಚ್ ಎಂದೇ ಕರೆಯುವ ಫಾರಂ ಇದೇ. ಅದನ್ನು ಪ್ರತಿವರ್ಷ, ಠೇವಣಿಯಿರುವ ಪ್ರತಿಯೊಂದು ಬ್ಯಾಂಕಿಗೂ ಅಂಚೆ ಕಚೇರಿಗೂ ಬೇರೆಬೇರೆಯಾಗಿ ಕೊಡಬೇಕು. ಕೊಡಲು ಮರೆತರೆ ಉಳಿಯುವುದು ಎರಡನೆಯ ದಾರಿ: ಆದಾಯ ತೆರಿಗೆ ವಿವರ ಸಲ್ಲಿಸಿ ಹಣ ವಾಪಸು ಕೇಳುವುದು. ತೆರಿಗೆಯೇ ಬಾರದ ಈ ತಾಯಿ ವಿವರ ಸಲ್ಲಿಸಲೇಬೇಕೆಂದು ಕಾನೂನು ಒತ್ತಾಯಿಸುವುದಿಲ್ಲ. ಆದರೆ ಸಲ್ಲಿಸದಿದ್ದರೆ ಅವರ 12,300 ರೂಪಾಯಿ ಹಿಂದಿರುಗಿ ಬರುವುದೂ ಇಲ್ಲ.

ಹಿರಿಯರ ತೆರಿಗೆಯ ವಿಷಯದಲ್ಲಿ ನಾವು ಸದಾ ಚರ್ಚಿಸುವುದು ರಿಯಾಯಿತಿಗಳನ್ನು. ಬಜೆಟ್ ಬಂತೆಂದರೆ ಮಿತಿ ಎಷ್ಟು ಏರಿತು ಎಂಬುದೇ ಮಾತು. ನಿಜಕ್ಕೂ ರಿಯಾಯಿತಿಗಳು ಕಡಿಮೆಯೇನಿಲ್ಲ. ಬಡ್ಡಿಯ ಮೇಲಿನ ಟಿಡಿಎಸ್ ಮಿತಿಯನ್ನು 2025ರ ಏಪ್ರಿಲ್‌ನಿಂದ 50 ಸಾವಿರದಿಂದ 1 ಲಕ್ಷಕ್ಕೆ ಏರಿಸಲಾಗಿದೆ. ವ್ಯಾಪಾರದ ಆದಾಯ ಇಲ್ಲದ ಹಿರಿಯರು ಮುಂಗಡ ತೆರಿಗೆ ಕಟ್ಟಬೇಕಿಲ್ಲ. 80 ದಾಟಿದವರು ತೆರಿಗೆ ವಿವರದ ‘ಸಹಜ್’ ಫಾರಂ ಅನ್ನು ಕಾಗದದಲ್ಲೇ ತುಂಬಿ ಕೊಡಬಹುದು. 75 ದಾಟಿದವರು ವಿವರವನ್ನೇ ಸಲ್ಲಿಸಬೇಕಿಲ್ಲ ಎಂಬ ವಿನಾಯಿತಿಯೂ 2021ರಲ್ಲಿ ಬಂತು. ಅದರ ಷರತ್ತು ಓದಿದಾಗ ಮಾತ್ರ ನಿರಾಸೆಯಾಗುತ್ತದೆ. ಪಿಂಚಣಿ ಮತ್ತು ಬಡ್ಡಿ ಬಿಟ್ಟು ಬೇರೆ ಆದಾಯ ಇರಬಾರದು. ಬಡ್ಡಿಯೂ ಪಿಂಚಣಿ ಬರುವ ಬ್ಯಾಂಕಿನಿಂದಲೇ ಬರಬೇಕು. ಆ ಬ್ಯಾಂಕಿಗೆ ಘೋಷಣೆ ಬರೆದುಕೊಡಬೇಕು. ಪಿಂಚಣಿ ಒಂದು ಕಡೆ, ಠೇವಣಿ ಅಂಚೆ ಕಚೇರಿಯಲ್ಲೋ ಸಹಕಾರಿ ಸಂಘದಲ್ಲೋ ಇನ್ನೊಂದು ಕಡೆ ಇಟ್ಟಿರುವುದು ನಮ್ಮ ಹಿರಿಯರ ರೂಢಿ. ಅವರಿಗೆಲ್ಲ ಈ ವಿನಾಯಿತಿ ಸಿಗುವುದಿಲ್ಲ.

ಹೀಗಾಗಿ ಇಂಥ ಎಷ್ಟೋ ರಿಯಾಯಿತಿಗಳನ್ನು ಪಡೆಯಲು ಯಾರೋ ಒಂದು ಫಾರಂ ತುಂಬಲೇಬೇಕು. ತುಂಬಬಲ್ಲವರಿಗೆ ಅವು ದಕ್ಕುತ್ತವೆ. ತುಂಬಲಾಗದವರ ಪಾಲಿಗೆ ಅವು ಕಾನೂನು ಪುಸ್ತಕದಲ್ಲೇ ಉಳಿಯುತ್ತವೆ. ಹಿರಿಯರಿಗೆ ಇಂದು ಇನ್ನೊಂದು ರಿಯಾಯಿತಿಗಿಂತ ಹೆಚ್ಚಾಗಿ ಬೇಕಿರುವುದು ಪಕ್ಕದಲ್ಲಿ ಕುಳಿತು, ಹಣ ಕೇಳದೆ, ತಪ್ಪಿಲ್ಲದೆ ವಿವರ ತುಂಬಿಕೊಡುವ ತರಬೇತಾದ ಒಬ್ಬ ಮನುಷ್ಯ. ಆ ಮನುಷ್ಯನನ್ನು ಒದಗಿಸುವುದು ತೆರಿಗೆ ವಸೂಲಿ ಮಾಡುವ ಸರ್ಕಾರದ್ದೇ ಹೊಣೆ.

ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಈಗ ವೇತನ, ಬಡ್ಡಿ, ಟಿಡಿಎಸ್ ಎಲ್ಲವೂ ಮೊದಲೇ ತುಂಬಿರುತ್ತವೆ, ಕಷ್ಟವೇನು ಎಂದು ಕೇಳುವವರಿದ್ದಾರೆ. ಕಷ್ಟ ಅಂಕಿಗಳ ಆಚೆ ಇದೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನಿಷಿಯಲ್, ಪ್ಯಾನ್ ಕಾರ್ಡಿನಲ್ಲಿ ತಂದೆಯ ಪೂರ್ತಿ ಹೆಸರು, ಆಧಾರ್‌ನಲ್ಲಿ ಗಂಡನ ಹೆಸರು. ಮೂರೂ ಹೊಂದದೆ ಮರುಪಾವತಿ ನಿಲ್ಲುವುದು ಕರ್ನಾಟಕದಲ್ಲಿ ಮಾಮೂಲು. ಓಟಿಪಿ ಹೋಗುವುದು ಪುಣೆಯಲ್ಲೋ ದುಬೈಯಲ್ಲೋ ಇರುವ ಮಗನ ಮೊಬೈಲಿಗೆ. ವಿಜಯ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡದೊಳಗೆ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ, ಕಾರ್ಪೊರೇಷನ್ ಬ್ಯಾಂಕು ಅದೇ ವರ್ಷ ಯೂನಿಯನ್ ಬ್ಯಾಂಕಿನೊಳಗೆ ಸೇರಿದಾಗ ಐಎಫ್‌ಎಸ್‌ಸಿ ಬದಲಾಯಿತು. ಹಳೆಯ ಸಂಖ್ಯೆಯನ್ನೇ ಪೋರ್ಟಲ್‌ನಲ್ಲಿ ಬಿಟ್ಟವರು ಖಾತೆಯನ್ನು ಮತ್ತೆ ದೃಢೀಕರಿಸಬೇಕಾಯಿತು. ತನ್ನ ಸ್ವಂತ ಪಿಂಚಣಿ ಕಾನೂನಿನ ಪ್ರಕಾರ ವೇತನದ ಆದಾಯ. ಗಂಡ ತೀರಿಕೊಂಡ ಮೇಲೆ ಬರುವ ಕುಟುಂಬ ಪಿಂಚಣಿ ‘ಇತರ ಮೂಲಗಳ ಆದಾಯ’. ಎರಡಕ್ಕೂ ಸಿಗುವ ಕಡಿತ ಬೇರೆ. ಮೊದಲು ಗಂಡನ ವಿವರದಲ್ಲಿ ನೋಡಿದ ಜಾಗದಲ್ಲೇ ತುಂಬಿ ತಪ್ಪು ಮಾಡುವುದು ಬಹಳ ಸಹಜ. ವಿವರ ಸಲ್ಲಿಸಿದ ಮೇಲೂ 30 ದಿನದೊಳಗೆ ದೃಢೀಕರಿಸಬೇಕು ಎಂಬುದು ಎಷ್ಟೋ ಜನರಿಗೆ ತಿಳಿದಿರುವುದಿಲ್ಲ. ಸಾಲದ್ದಕ್ಕೆ 1961ರ ಕಾಯ್ದೆಯ ಜಾಗದಲ್ಲಿ 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಭಾಷೆ ಸರಳವಾಗಿದೆ ಎನ್ನುವುದು ಸರಿ; ಆದರೆ ಅರ್ಧ ಶತಮಾನ ಬಾಯಲ್ಲಿದ್ದ ಸೆಕ್ಷನ್ ಸಂಖ್ಯೆಗಳು ಹಿರಿಯರ ಕೈತಪ್ಪಿವೆ.

ಆಗ ಅವರು ಹೋಗುವುದು ಬಸ್ ನಿಲ್ದಾಣದ ಪಕ್ಕದ ಸೈಬರ್ ಸೆಂಟರಿಗೆ, ಇಲ್ಲವೇ ಪರಿಚಯದ ಯಾರೋ ಏಜೆಂಟರ ಬಳಿಗೆ. ಅಲ್ಲಿ ಪ್ರಾಮಾಣಿಕರಿದ್ದಾರೆ, ಕಡಿಮೆ ಹಣಕ್ಕೆ ಒಳ್ಳೆಯ ಕೆಲಸ ಮಾಡಿಕೊಡುವವರಿದ್ದಾರೆ. ಆದರೆ ಮರುಪಾವತಿಯಲ್ಲಿ ಇಷ್ಟು ಪಾಲು ಎಂದು ಕೇಳುವವರೂ ಇದ್ದಾರೆ. ಪಾಲು ಹೆಚ್ಚಬೇಕಾದರೆ ಮರುಪಾವತಿ ಹೆಚ್ಚಬೇಕು. ಅದಕ್ಕಾಗಿ ಇಲ್ಲದ ದೇಣಿಗೆ, ಇಲ್ಲದ ವೈದ್ಯಕೀಯ ಖರ್ಚು ಫಾರಂನಲ್ಲಿ ಹುಟ್ಟಿಕೊಳ್ಳುತ್ತವೆ. ಇಂಥ ಸುಳ್ಳು ಕಡಿತಗಳ ಜಾಲ ಹುಡುಕಿ ಆದಾಯ ತೆರಿಗೆ ಇಲಾಖೆ 2025ರ ಜುಲೈನಲ್ಲಿ ದೇಶದ 150 ಕಡೆ ಪರಿಶೀಲನೆ ನಡೆಸಿತು. ಏಜೆಂಟ್ ಮಾಡಿದ ತಪ್ಪಿಗೂ ನೋಟಿಸ್ ಬರುವುದು ವಿವರ ಯಾರ ಹೆಸರಿನಲ್ಲಿದೆಯೋ ಅವರಿಗೆ. ಎಪ್ಪತ್ತೈದರ ವಯಸ್ಸಿನಲ್ಲಿ ಆ ನೋಟಿಸ್ ಹಿಡಿದು ನಿಲ್ಲುವವರ ರಾತ್ರಿ ನಿದ್ದೆಯ ಗತಿ ಏನು ಎಂಬುದನ್ನು ನೀತಿ ರೂಪಿಸುವವರು ಯೋಚಿಸಬೇಕು.

ಹಣ ಕೊಡದೆ ನೆರವು ಸಿಗುವ ಜಾಗಗಳು ಇಲ್ಲವೇ? ಇವೆ. ಆದಾಯ ತೆರಿಗೆ ಕಚೇರಿಗಳಲ್ಲಿ ‘ಆಯಕರ್ ಸೇವಾ ಕೇಂದ್ರ’ ಎಂಬ ಕಿಟಕಿ ಇರುತ್ತದೆ. 1800 103 0025 ಎಂಬ ಉಚಿತ ಸಹಾಯವಾಣಿ ಇದೆ. ಬ್ಯಾಂಕಿನಲ್ಲಿ ಕೇಳಿದರೆ 15ಎಚ್ ತುಂಬಲು ನೆರವಾಗುವ ಸಿಬ್ಬಂದಿ ಸಿಗುತ್ತಾರೆ. ನಿವೃತ್ತ ನೌಕರರ ಸಂಘಗಳಲ್ಲಿ ತೆರಿಗೆ ಬಲ್ಲ ಒಬ್ಬರಾದರೂ ಇರುತ್ತಾರೆ. ಬೇರೆಲ್ಲೂ ಹೋಗುವ ಮೊದಲು ಅಲ್ಲಿ ವಿಚಾರಿಸುವುದು ಜಾಣತನ. ಆದರೆ ಸಹಾಯವಾಣಿ ಉತ್ತರ ಹೇಳುತ್ತದೆಯೇ ಹೊರತು ವಿವರ ತುಂಬಿಕೊಡುವುದಿಲ್ಲ. ಆಯಕರ್ ಸೇವಾ ಕೇಂದ್ರ ಇರುವುದು ಇಲಾಖೆಯ ಕಚೇರಿ ಇರುವ ಊರುಗಳಲ್ಲಿ. ಹೊಸದುರ್ಗದ ನಿವೃತ್ತ ಶಿಕ್ಷಕರೋ ಸಿಂದಗಿಯ ಅಂಗನವಾಡಿ ಮೇಲ್ವಿಚಾರಕಿಯಾಗಿದ್ದವರೋ ಅದಕ್ಕಾಗಿ ಬಸ್ಸು ಹತ್ತಬೇಕು.

ಇಲಾಖೆ ಇದನ್ನು ಯೋಚಿಸಿಯೇ ಇಲ್ಲ ಎಂದರೆ ಅನ್ಯಾಯವಾದೀತು. 2006ರಲ್ಲಿ ‘ಟ್ಯಾಕ್ಸ್ ರಿಟರ್ನ್ ಪ್ರಿಪೇರರ್’ ಯೋಜನೆ ಬಂತು. ಪದವೀಧರ ಯುವಕರಿಗೆ ತರಬೇತಿ ಕೊಟ್ಟು, ಪ್ರಮಾಣಪತ್ರ ಕೊಟ್ಟು, ಸಾಮಾನ್ಯರ ವಿವರ ತುಂಬಿಸುವುದು ಉದ್ದೇಶ. ಯೋಚನೆ ಚೆನ್ನಾಗಿತ್ತು. ಎಡವಿದ್ದು ಸಂಭಾವನೆಯ ಲೆಕ್ಕದಲ್ಲಿ. ಹೊಸದಾಗಿ ತೆರಿಗೆ ವ್ಯಾಪ್ತಿಗೆ ಬಂದವರ ವಿವರ ಸಲ್ಲಿಸಿದರೆ, ಅವರು ಕಟ್ಟಿದ ತೆರಿಗೆಯಲ್ಲಿ ಮೊದಲ ವರ್ಷ ಶೇ 3, ಎರಡನೆಯ ವರ್ಷ ಶೇ 2, ಮೂರನೆಯ ವರ್ಷ ಶೇ 1ರಷ್ಟನ್ನು ಸರ್ಕಾರ ಕೊಡುತ್ತಿತ್ತು. ತೆರಿಗೆ ಕಟ್ಟುವವರನ್ನು ಹೆಚ್ಚಿಸುವುದು ಗುರಿಯಾಗಿದ್ದರೆ ಅದು ಸರಿಯಾದ ಲೆಕ್ಕ. ತೆರಿಗೆಯೇ ಬಾರದ, ಕಡಿತವಾದ ಹಣ ವಾಪಸು ಬೇಕಾದ ಆ ವಿಧವೆಯ ಬಾಗಿಲಿಗೆ ಆ ಪ್ರಿಪೇರರ್ ಏಕೆ ಬರಬೇಕು? ಅವರ ತೆರಿಗೆ ಸೊನ್ನೆ. ಅದರ ಶೇ 3 ಕೂಡ ಸೊನ್ನೆಯೇ. ನೆರವಿನ ಅಗತ್ಯ ಅತಿ ಹೆಚ್ಚಿರುವವರೇ ಈ ಲೆಕ್ಕದಲ್ಲಿ ಯಾರಿಗೂ ಬೇಡವಾದವರು. ಹಣದ ಆಸೆ ಮುಂದಿಟ್ಟು ರೂಪಿಸಿದ ಯಾವ ಯೋಜನೆಯೂ ಅವರನ್ನು ಮುಟ್ಟಲಾರದು ಎಂಬುದಕ್ಕೆ ಇದೇ ಸಾಕ್ಷಿ.

ಅಮೆರಿಕ ಈ ಗಂಟನ್ನು ಬೇರೆ ರೀತಿ ಬಿಡಿಸಿತು. ನಿವೃತ್ತರ ಸಂಘಟನೆ ಎಎಆರ್‌ಪಿ 1968ರಲ್ಲಿ ನಾಲ್ವರು ಸ್ವಯಂಸೇವಕರೊಂದಿಗೆ ‘ಟ್ಯಾಕ್ಸ್ ಏಡ್’ ಶುರುಮಾಡಿತು. ಮರುವರ್ಷ ಕ್ಯಾಲಿಫೋರ್ನಿಯಾದ ನಾರ್ತ್‌ರಿಡ್ಜ್‌ನಲ್ಲಿ ಪ್ರಾಧ್ಯಾಪಕರೊಬ್ಬರು ಲೆಕ್ಕಶಾಸ್ತ್ರದ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬಡವರ ವಿವರ ತುಂಬಿಕೊಡುವ ಕೆಲಸಕ್ಕೆ ಇಳಿದರು. 1978ರಲ್ಲಿ ಅಲ್ಲಿನ ಸಂಸತ್ತು 60 ದಾಟಿದವರ ಉಚಿತ ತೆರಿಗೆ ನೆರವಿಗೆ ಕಾನೂನನ್ನೇ ಮಾಡಿ, ಸಂಸ್ಥೆಗಳಿಗೆ ಅನುದಾನ ಕೊಡಲು ತೆರಿಗೆ ಇಲಾಖೆಗೆ ಅಧಿಕಾರ ನೀಡಿತು. ಸ್ವಯಂಸೇವಕರಿಗೆ ಸಂಬಳವಿಲ್ಲ, ಓಡಾಟದ, ಊಟದ ಖರ್ಚಿಗೆ ಅನುದಾನದಿಂದ ಕೊಡಬಹುದು. ಜನವರಿ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ ಗ್ರಂಥಾಲಯ, ಹಿರಿಯರ ಕೇಂದ್ರ, ಚರ್ಚುಗಳಲ್ಲಿ ಮೇಜು ಹಾಕಿ ಕೂರುತ್ತಾರೆ. ಕೂರುವವರಲ್ಲೂ ಬಹುಪಾಲು ನಿವೃತ್ತರೇ.

ಆ ವ್ಯವಸ್ಥೆಯಲ್ಲಿ ನನಗೆ ಮುಖ್ಯವೆನಿಸುವುದು ಅದರ ಶಿಸ್ತು. ಪ್ರತಿ ಸ್ವಯಂಸೇವಕರೂ ತೆರಿಗೆ ಇಲಾಖೆಯ ಪರೀಕ್ಷೆ ಪಾಸಾಗಬೇಕು. ಒಬ್ಬರು ತುಂಬಿದ ವಿವರವನ್ನು ಇನ್ನೊಬ್ಬರು ಪರಿಶೀಲಿಸಿದ ಮೇಲೆಯೇ ಸಲ್ಲಿಸಬೇಕು. ಯಾವುದನ್ನು ಮುಟ್ಟಬಾರದು ಎಂಬ ಪಟ್ಟಿ ಇದೆ. ಜಟಿಲ ವ್ಯಾಪಾರದ ಲೆಕ್ಕ ತಂದವರನ್ನು ವೃತ್ತಿಪರರ ಬಳಿಗೆ ಕಳಿಸುತ್ತಾರೆ. ಕೆನಡಾದಲ್ಲೂ 1971ರಿಂದ ಇಂಥದೇ ಸ್ವಯಂಸೇವಕ ಕಾರ್ಯಕ್ರಮ ನಡೆದಿದೆ. ಅರ್ಧ ಶತಮಾನ ಕಳೆದರೂ ಇವು ಉಳಿದಿರುವುದು ದಯೆಯೊಂದರಿಂದಲೇ ಅಲ್ಲ.

ಕರ್ನಾಟಕಕ್ಕೆ ಇದಕ್ಕೆ ಬೇಕಾದ ಜನಬಲ ಹೇರಳವಾಗಿದೆ. ಅವಿಭಜಿತ ದಕ್ಷಿಣ ಕನ್ನಡವೊಂದೇ ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯ ಎಂಬ ನಾಲ್ಕು ರಾಷ್ಟ್ರೀಕೃತ ಬ್ಯಾಂಕುಗಳನ್ನೂ ಕರ್ಣಾಟಕ ಬ್ಯಾಂಕನ್ನೂ ದೇಶಕ್ಕೆ ಕೊಟ್ಟಿತು. ಜೀವನವಿಡೀ ಲೆಡ್ಜರು, ಠೇವಣಿ, ಟಿಡಿಎಸ್ ನೋಡಿದ ನಿವೃತ್ತರು ಇಂದು ರಾಜ್ಯದ ಊರೂರಿನಲ್ಲಿದ್ದಾರೆ. ಖಜಾನೆಯಲ್ಲಿ ದುಡಿದವರು, ಕಾಲೇಜುಗಳಲ್ಲಿ ವಾಣಿಜ್ಯ ಕಲಿಸಿದವರು, ಬಿ.ಕಾಂ. ಓದುತ್ತಿರುವ ಹುಡುಗ ಹುಡುಗಿಯರು ಇದ್ದಾರೆ. ಹಿರಿಯರ ಜೊತೆ ಕನ್ನಡದಲ್ಲಿ, ಅವರ ನಿಧಾನಕ್ಕೆ ಹೊಂದಿಕೊಂಡು ಮಾತನಾಡಬಲ್ಲವರು ಇವರೇ. ದೇಶದ ಮೂಲೆಮೂಲೆಯಿಂದ ಬರುವ ವಿವರಗಳನ್ನು ಸಂಸ್ಕರಿಸುವ ಕೇಂದ್ರ 2009ರಿಂದ ಇರುವುದೂ ಬೆಂಗಳೂರಿನಲ್ಲೇ. ಮೊದಲ ಪ್ರಯೋಗಕ್ಕೆ ಬೇರೆ ರಾಜ್ಯ ಹುಡುಕಬೇಕಿಲ್ಲ.

ಓಟಿಪಿ, ಪಾಸ್‌ವರ್ಡ್, ಖಾತೆಯ ವಿವರ ಅಪರಿಚಿತರ ಕೈಗೆ ಹೋಗುತ್ತದಲ್ಲ ಎಂಬ ಆಕ್ಷೇಪ ಗಟ್ಟಿಯಾದದ್ದು. ಅದನ್ನು ಹಗುರವಾಗಿ ಕಾಣಬಾರದು. ಆದರೆ ಅದು ಈಗಲೂ ಅಪರಿಚಿತರ ಕೈಗೇ ಹೋಗುತ್ತಿದೆ, ಯಾವ ನಿಯಮವೂ ಇಲ್ಲದೆ. ಇಲಾಖೆ ನೋಂದಾಯಿಸಿದ ಸ್ವಯಂಸೇವಕರು, ಅವರ ಸಂಖ್ಯೆ ನಮೂದಾಗುವ ವಿವರ, ಹಿರಿಯರ ಎದುರಲ್ಲೇ ಕೆಲಸ, ಪಾಸ್‌ವರ್ಡ್ ಬರೆದಿಟ್ಟುಕೊಳ್ಳಬಾರದೆಂಬ ಕಟ್ಟುನಿಟ್ಟು, ಸಲ್ಲಿಸಿದ ಪ್ರತಿಯನ್ನು ಅಚ್ಚು ಹಾಕಿಸಿ ಕೈಗೆ ಕೊಡುವ ರೂಢಿ, ಇಷ್ಟಿದ್ದರೆ ಈಗಿನ ಅಪಾಯ ಬಹಳಷ್ಟು ತಗ್ಗುತ್ತದೆ. ಸದ್ಭಾವದಿಂದ ದುಡಿದ ಸ್ವಯಂಸೇವಕರಿಗೆ ಕಾನೂನಿನ ರಕ್ಷಣೆಯೂ ಬೇಕು. ಇಲ್ಲದಿದ್ದರೆ ಒಂದು ತಪ್ಪಿನ ಭಯಕ್ಕೆ ಒಳ್ಳೆಯವರೇ ಹಿಂದೆ ಸರಿಯುತ್ತಾರೆ.

ಹಿರಿಯರ ಮನೆಬಾಗಿಲಿಗೆ ಹೋಗುವ ವಿದ್ಯೆ ನಮ್ಮ ಸರ್ಕಾರಕ್ಕೆ ಗೊತ್ತಿದೆ. ಪಿಂಚಣಿದಾರರ ಜೀವಿತ ಪ್ರಮಾಣಪತ್ರಕ್ಕೆ 2014ರಲ್ಲಿ ‘ಜೀವನ್ ಪ್ರಮಾಣ್’ ಬಂತು. 2020ರಿಂದ ಅಂಚೆಯಣ್ಣ ಮನೆಗೇ ಬಂದು ಮಾಡಿಕೊಡುತ್ತಿದ್ದಾರೆ. ಪ್ರತಿ ನವೆಂಬರಿನಲ್ಲಿ ನಡೆಯುವ ಅಭಿಯಾನದಲ್ಲಿ ಬ್ಯಾಂಕು, ಅಂಚೆ, ಪಿಂಚಣಿದಾರರ ಸಂಘಗಳು ಕೈಜೋಡಿಸುತ್ತವೆ. ಹಳ್ಳಿಗಳಲ್ಲಿ ಗ್ರಾಮ ಒನ್ ಕೇಂದ್ರಗಳಿವೆ. ಬಡವರಿಗೆ ಉಚಿತ ವಕೀಲರನ್ನು ಕೊಡಬೇಕೆಂದು 1987ರಲ್ಲೇ ಕಾಯ್ದೆ ಮಾಡಿಕೊಂಡ ದೇಶ ಇದು. ನ್ಯಾಯಾಲಯದ ಮುಂದೆ ನಿಲ್ಲುವವರಿಗೆ ಸಿಗುವ ಆಸರೆ, ತನ್ನದೇ ಹಣ ವಾಪಸು ಕೇಳುವ ಹಿರಿಯರಿಗೂ ಸಿಗಬೇಕು.

ಮಾಡಬೇಕಾದದ್ದು ವರ್ಷಕ್ಕೆ ಎರಡು ಸುತ್ತು. ಏಪ್ರಿಲ್ ಮೊದಲ ಎರಡು ವಾರ ಪ್ರತಿ ತಾಲ್ಲೂಕು ಕೇಂದ್ರದ ಮುಖ್ಯ ಅಂಚೆ ಕಚೇರಿಯಲ್ಲಿ 15ಎಚ್ ಶಿಬಿರ. ಹೆಸರು, ಆಧಾರ್, ಖಾತೆ ಹೊಂದಿಸುವ ಕೆಲಸವೂ ಆಗಲೇ ಮುಗಿಯಬೇಕು. ಜೂನ್ ಮಧ್ಯದ ಹೊತ್ತಿಗೆ ಟಿಡಿಎಸ್ ಲೆಕ್ಕಗಳು ಪೋರ್ಟಲ್‌ಗೆ ಬಂದಿರುತ್ತವೆ. ಅಲ್ಲಿಂದ ಜುಲೈ ಕೊನೆಯವರೆಗೆ ಅದೇ ಜಾಗದಲ್ಲಿ ವಾರಕ್ಕೆ ಎರಡು ದಿನ ವಿವರ ತುಂಬುವ ಮೇಜು. ಮೊದಲ ಸುತ್ತು ಸರಿಯಾಗಿ ನಡೆದರೆ ಎರಡನೆಯದಕ್ಕೆ ಬರುವವರ ಸಾಲು ತಾನಾಗಿಯೇ ಚಿಕ್ಕದಾಗುತ್ತದೆ, ಏಕೆಂದರೆ ಮುರಿದುಕೊಳ್ಳದ ಹಣವನ್ನು ಯಾರೂ ವಾಪಸು ಕೇಳಬೇಕಿಲ್ಲ.