ಕಟಕಟೆಯಲ್ಲಿ ನಿಮ್ಮದೇ ಮಾತು



“ಅಷ್ಟೊಂದು ಗಂಡಸರ ನಡುವೆ ಎದ್ದು ನಿಂತು ವಾದ ಮಾಡೋಕೆ ಹೆದರಿಕೆ ಆಗೋದಿಲ್ಲವೇ?” ವಕೀಲಿ ಮಾಡುವ ಹೆಂಗಸರನ್ನು ನೆಂಟರಿಷ್ಟರು ಮೊದಲು ಕೇಳುವ ಪ್ರಶ್ನೆ ಇದು. ವಾದ ಮಾಡುವುದು ಕಲಿತರೆ ಬರುವ ವಿದ್ಯೆ. ರೊಟ್ಟಿ ಬಡಿದ ಹಾಗೆ, ಕೈ ಪಳಗಬೇಕು ಅಷ್ಟೆ. ನನ್ನನ್ನು ಕೇಳಿದರೆ, ಕೋರ್ಟಿನಲ್ಲಿ ನಿಜವಾದ ಧೈರ್ಯ ಬೇಕಾಗುವುದು ಕರಿ ಕೋಟು ಹಾಕಿಕೊಂಡವಳಿಗಲ್ಲ. ಸೆರಗು ಹೊದ್ದುಕೊಂಡು ಸಾಕ್ಷಿಯ ಕಟಕಟೆ ಹತ್ತುವ ಹೆಣ್ಣುಮಗಳಿಗೆ.

ಕರಿ ಕೋಟಿನ ಬಾಗಿಲು ನಮಗೆ ತೆರೆದು ನೂರು ವರ್ಷ ದಾಟಿತು. ಹೆಣ್ಣು ಎಂಬ ಕಾರಣಕ್ಕೆ ವಕೀಲಿಯಿಂದ ದೂರ ಇಡಬಾರದೆಂದು ಕಾಯ್ದೆಯಾದದ್ದು 1923ರಲ್ಲಿ. ನಮ್ಮ ನೆರೆಯ ಬಳ್ಳಾರಿಯಲ್ಲಿ ಮಂಜುಳಾ ಚೆಲ್ಲೂರು ಅವರು ಆ ಊರಿನ ಮೊದಲ ಮಹಿಳಾ ವಕೀಲರಾಗಿ ವೃತ್ತಿ ಆರಂಭಿಸಿದ್ದು 1978ರಲ್ಲಿ. ಅವರು 2000ದಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಗಳಾದರು. ಮುಂದೆ ಕೇರಳ, ಕಲ್ಕತ್ತ, ಬಾಂಬೆ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಗಳೂ ಆದರು. ವಕೀಲರ ದಾರಿ ಹೀಗೆ ಹಸನಾಗುತ್ತಾ ಬಂದಿದೆ. ಕಟಕಟೆಯ ಮೆಟ್ಟಿಲು ಮಾತ್ರ ಇಂದಿಗೂ ಎತ್ತರವೇ.

ಯಾಕೆ ಅಂತೀರಿ? ಮನೆಯಲ್ಲಿ ನಮ್ಮ ಪರವಾಗಿ ಯಾರಾದರೊಬ್ಬರು ಮಾತಾಡುತ್ತಲೇ ಇರುತ್ತಾರೆ. ಮೊದಲು ಅಪ್ಪ, ಆಮೇಲೆ ಗಂಡ, ಕೊನೆಗೆ ಮಗ. ಕಟಕಟೆಯಲ್ಲಿ ಆ ಅನುಕೂಲವಿಲ್ಲ. ಅಲ್ಲಿ ನೀವು ಕಂಡದ್ದನ್ನು ನೀವೇ ಹೇಳಬೇಕು. ಸಾಲದ್ದಕ್ಕೆ ಕೋರ್ಟಿನ ಮಾತೇ ಬೇರೆ ಎಂಬ ಅಂಜಿಕೆ. ನಮ್ಮ ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಕಾಲದಲ್ಲಿ ಕೋರ್ಟಿನ ಭಾಷೆ ಉರ್ದು. ಪೇಶಿ, ವಕಾಲತ್ತು, ಮೊಕದ್ದಮೆ, ಜಾಮೀನು ಎನ್ನುವ ಮಾತುಗಳು ಕೇಳಿದೊಡನೆ ಹಳ್ಳಿಯ ಹೆಂಗಸು ಮುದುಡಿ ಕೂಡುತ್ತಾಳೆ. ಈಗ ತಾಲ್ಲೂಕು, ಜಿಲ್ಲಾ ಕೋರ್ಟುಗಳಲ್ಲಿ ಸಾಕ್ಷಿಯನ್ನು ಕನ್ನಡದಲ್ಲೇ ಹೇಳಬಹುದು. ಆದರೂ ನನ್ನ ಹತ್ತಿರ ಬರುವವರ ಮೊದಲ ಮಾತು ಒಂದೇ: “ಅಕ್ಕಾರ, ನಂಗ ಮಾತಾಡಾಕ ಬರಂಗಿಲ್ರಿ.”

ದೇವದುರ್ಗದ ಕಡೆಯ ಒಂದು ಪಾಲಿನ ದಾವೆಯನ್ನೇ ನೋಡಿ. ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೆ ಆ ತಾಲ್ಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯಿಂದ ಮಾನ್ವಿಯಲ್ಲಿ, ಜೋಳ ಬೆಳೆಯುತ್ತಿದ್ದ ಎರೆಹೊಲಗಳಿಗೆ ನೀರು ಹರಿಯಿತು. ನೀರು ಬಂದ ಹೊಲಕ್ಕೆ ಬೆಲೆ ಬಂತು. ಬೆಲೆ ಬಂದ ಹೊಲಕ್ಕೆ ಅಕ್ಕತಂಗಿಯರ ಸಹಿ ಬೇಕಾಯಿತು. ಸೀರೆ ಉಡಿಸಿ, ಉಡಿ ತುಂಬಿ, “ಇಲ್ಲೊಂದು ಸಹಿ ಹಾಕವ್ವ” ಎಂದು ಹಕ್ಕು ಬಿಡುಗಡೆ ಪತ್ರ ಮುಂದಿಡುವುದು ನಮ್ಮಲ್ಲಿ ಹೊಸದೇನಲ್ಲ.

ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಎಂದು ನಮ್ಮ ಕರ್ನಾಟಕ 1994ರಲ್ಲೇ ಕಾನೂನು ತಂದಿತ್ತು. ಆದರೆ ಅಷ್ಟರೊಳಗೆ ಮದುವೆಯಾದವರಿಗೆ ಅದು ಸಿಗಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಆ ಅಡ್ಡಿಯನ್ನೂ ತೆಗೆಯಿತು. 2005ಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗದು ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಪಾಲು ಆಗಿಹೋಗಿದ್ದರೆ ಮಾತ್ರ ಅದು ಹಾಗೇ ಉಳಿಯುತ್ತದೆ.

ಇದು ಪುಸ್ತಕದ ಮಾತಾಯಿತು. ಕಟಕಟೆಯಲ್ಲಿ ನಡೆಯುವುದು ಬೇರೆ. 2002ರಿಂದ ಸಿವಿಲ್ ದಾವೆಗಳಲ್ಲಿ ನಮ್ಮ ಕಡೆಯ ಹೇಳಿಕೆಯನ್ನು ಪ್ರಮಾಣಪತ್ರವಾಗಿ ಬರೆದುಕೊಡುತ್ತೇವೆ. ಹೀಗಾಗಿ ಹೆಣ್ಣುಮಗಳ ಬಾಯಿಂದ ಕೋರ್ಟು ಕೇಳುವ ಮೊದಲ ಮಾತೇ ಎದುರು ವಕೀಲರ ಪಾಟೀಸವಾಲಿಗೆ ಅವಳು ಕೊಡುವ ಉತ್ತರ! ಅಂದೂ ಹಾಗೇ ಆಯಿತು.

“ನಿಮ್ಮ ಮದುವೆಗೆ ಅಣ್ಣಂದಿರು ಖರ್ಚು ಮಾಡಿದ್ದು ನಿಜ ತಾನೆ?”

“ನಿಜಾರಿ.”

“ಬಂಗಾರ ಹಾಕಿದ್ದೂ ನಿಜ?”

“ಹೂನ್ರಿ.”

“ಅಂದ ಮೇಲೆ ನಿಮ್ಮ ಪಾಲು ನಿಮಗೆ ಮುಟ್ಟಿದ ಹಾಗೇ ಆಯಿತಲ್ಲ?”

ಇಂಥ ಕಡೆ ನಾವು ವಕೀಲರು ಬಾಯಿ ಹಾಕುವಂತಿಲ್ಲ, ಕಣ್ಣುಸನ್ನೆಯನ್ನೂ ಮಾಡುವಂತಿಲ್ಲ. ಆಕೆ ಒಂದು ಗಳಿಗೆ ನೆಲ ನೋಡಿದಳು. ಆಮೇಲೆ ತಲೆಯೆತ್ತಿ, “ಅಣ್ಣಂದೂ ಮದಿವಿ ಆಗ್ಯಾದಲ್ರಿ. ಆ ಖರ್ಚು ಅವನ ಪಾಲಿನಾಗ ಮುರಕೊಂಡಾರೇನ್ರಿ?” ಅಂದಳು.

ಆ ಮಾತು ನಾನು ಹೇಳಿಕೊಟ್ಟದ್ದಲ್ಲ. ಯಾವ ಕಾನೂನು ಪುಸ್ತಕದಲ್ಲೂ ಅದು ಅಷ್ಟು ಚೊಕ್ಕವಾಗಿ ಸಿಗುವುದಿಲ್ಲ. ಮಾತಾಡಲು ಬಾರದು ಎಂದುಕೊಂಡು ಬಂದವಳ ಸ್ವಂತ ಮಾತು ಅದು.

ಜೀವನಾಂಶದ ಅರ್ಜಿಗಳಲ್ಲಿ ಇನ್ನೊಂದು ಬಗೆಯ ಹೆದರಿಕೆ. ಮಾನ್ವಿಯಲ್ಲಿ ಎಷ್ಟೋ ಮಂದಿ ಸೋದರಿಯರು, “ನನ್ನ ಹತ್ರ ಯಾವ ಕಾಗದಾನೂ ಇಲ್ರಿ” ಎನ್ನುತ್ತಾರೆ. ಇರುತ್ತದಮ್ಮ! ಕಿರಾಣಿ ಅಂಗಡಿಯ ಉದ್ರಿ ಪುಸ್ತಕ, ಮಕ್ಕಳ ಶಾಲೆಯ ರಸೀದಿ, ಡಾಕ್ಟರ ಚೀಟಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟ ಹಾಲಿನ ಲೆಕ್ಕ. ಮನೆ ನಡೆಸಲು ಎಷ್ಟು ಬೇಕು ಎಂಬುದಕ್ಕೆ ಇವೇ ಆಧಾರ. ಒಂದು ಕಾಲಕ್ಕೆ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿ ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಜೀವನಾಂಶ ಕೊಡಿಸುವಂತಿರಲಿಲ್ಲ. ಆ ಮಿತಿ 2001ರಲ್ಲಿ ಹೋಯಿತು. ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ವಿವರವನ್ನು ಪ್ರಮಾಣ ಮಾಡಿ ಕೊಡಬೇಕು, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಸಲ್ಲಬೇಕು ಎಂದು ಸುಪ್ರೀಂ ಕೋರ್ಟು 2020ರ ನವೆಂಬರಿನಲ್ಲಿ ಹೇಳಿದೆ. 2024ರ ಜುಲೈ 1ರಿಂದ ಹೊಸ ಸಂಹಿತೆ ಜಾರಿಗೆ ಬಂದರೂ ಈ ಹಕ್ಕು ಹಾಗೇ ಮುಂದುವರಿದಿದೆ.

ಇನ್ನು ರಾಯಚೂರಿನ ಸೆಷನ್ಸ್ ಕೋರ್ಟಿಗೆ ಬರುವ ಮೊಕದ್ದಮೆಗಳು ಎದೆ ಭಾರ ಮಾಡುವಂಥವು. ಅತ್ಯಾಚಾರಕ್ಕೆ ಒಳಗಾದವಳು ತುಂಬಿದ ಕೋರ್ಟಿನಲ್ಲಿ ಬಾಯಿ ಬಿಡುವುದು ಹೇಗೆ? ಇಂಥ ವಿಚಾರಣೆ ಮುಚ್ಚಿದ ಬಾಗಿಲ ಒಳಗೇ ನಡೆಯಬೇಕೆಂದು 1983ರಲ್ಲಿ ಕಾನೂನಾಯಿತು. ಅವಳ ನಡತೆ ಎಂಥದು ಎಂದು ಕೆದಕುವ ಪ್ರಶ್ನೆಗಳಿಗೆ 2003ರಲ್ಲಿ ತಡೆ ಬಿತ್ತು. ಅವಮಾನ ಮಾಡಲೆಂದೇ ಕೇಳುವ ಪ್ರಶ್ನೆಯನ್ನು ನ್ಯಾಯಾಧೀಶರು ನಿಲ್ಲಿಸಬೇಕು. ಇವೆಲ್ಲ ನಮ್ಮ ಹಿಂದಿನ ಹೆಣ್ಣುಮಕ್ಕಳು ನುಂಗಿಕೊಂಡ ಸಂಕಟದಿಂದ ಬಂದ ರಕ್ಷಣೆಗಳು.

ಕಟಕಟೆ ಹತ್ತುವವರಿಗೆ ನಾನು ಹೇಳುವುದು ಇಷ್ಟೇ. ಪ್ರಶ್ನೆ ಪೂರ್ತಿ ಕೇಳಿಸಿಕೊಳ್ಳಿ. ತಿಳಿಯದಿದ್ದರೆ “ತಿಳೀಲಿಲ್ರಿ, ಇನ್ನೊಮ್ಮೆ ಕೇಳ್ರಿ” ಅನ್ನಿ. ನೆನಪಿಲ್ಲದ್ದನ್ನು ನೆನಪಿಲ್ಲ ಎನ್ನುವುದು ಸುಳ್ಳೂ ಅಲ್ಲ, ಅವಮಾನವೂ ಅಲ್ಲ. ತಾರೀಖು ಬಾರದಿದ್ದರೆ “ಎಳ್ಳಮಾಸಿ ಮರುದಿನ” ಅನ್ನಿ. ನಿಮಗೆ ಗೊತ್ತಿರುವ ಗುರುತೇ ಸಾಕು. ನಿಮ್ಮ ಹೇಳಿಕೆಯನ್ನು ಓದಿಸಿ ಕೇಳಿ, ನೀವು ಹೇಳದ್ದು ಬರೆದಿದ್ದರೆ ಸಹಿಗೆ ಮೊದಲೇ ತಿಳಿಸಿ.

ಗೆದ್ದವರೆಲ್ಲ ನಗುತ್ತಾ ಮನೆಗೆ ಹೋಗುತ್ತಾರೆಂದು ಹೇಳಲಾರೆ. ದೇವದುರ್ಗದ ಆ ತಾಯಿಗೆ ಪಾಲು ಸಿಕ್ಕಿತು. ಪಂಚಮಿಗೆ ಕರೆಯಲು ಬರುತ್ತಿದ್ದ ಅಣ್ಣ ಆ ವರ್ಷ ಬರಲಿಲ್ಲ. ಹೊಲ ಮತ್ತು ತವರು, ಎರಡರಲ್ಲಿ ಒಂದನ್ನು ಆರಿಸಿಕೊ ಎಂದು ಯಾವ ಕಾಯ್ದೆಯೂ ಹೇಳಿಲ್ಲ. ಹಾಗೆ ಹೇಳುವವರು ನಮ್ಮವರೇ. ಆದ್ದರಿಂದ ಎಲ್ಲರೂ ದಾವೆ ಹೂಡಿರೆಂದು ನಾನು ಹೇಳುವುದಿಲ್ಲ. ಪ್ರೀತಿಯಿಂದ ಬಿಟ್ಟುಕೊಡುವ ಮನಸ್ಸಿದ್ದರೆ ಬಿಟ್ಟುಕೊಡಿ. ಆದರೆ ಏನು ಬಿಡುತ್ತಿದ್ದೀರಿ ಎಂದು ತಿಳಿದು ಬಿಡಿ. ಓದದೆ, ಓದಿಸಿ ಕೇಳದೆ ಸಹಿ ಹಾಕಬೇಡಿ. ಸಹಿ ಎನ್ನುವುದೂ ನಿಮ್ಮ ಮಾತೇ. ನಾಳೆ ಕೋರ್ಟಿನಲ್ಲಿ ಅದು ನಿಮ್ಮ ಎದುರಿಗೇ ನಿಂತು ಸಾಕ್ಷಿ ಹೇಳುತ್ತದೆ.

ವಕೀಲರ ಫೀಜಿಗೆ ದುಡ್ಡಿಲ್ಲವೆಂದು ಕೈಚೆಲ್ಲಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ನಿಮ್ಮ ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಎಲ್ಲಿದೆಯೆಂದು ವಿಚಾರಿಸಿ. ಫೋನಿನಲ್ಲಾದರೆ 15100ಕ್ಕೆ ಕರೆ ಮಾಡಿ. ಮತ್ತೆ, ಮನೆಯ ಖರ್ಚಿಗೆ ಒಂದು ನೋಟ್‌ಬುಕ್ ಇಡಿ, ದಿನದ ಲೆಕ್ಕ ನಿಮ್ಮ ಕೈಯಾರೆ ಬರೆಯಿರಿ. ಕೋರ್ಟಿಗೆ ಹೋಗುವ ಪ್ರಸಂಗ ನಿಮಗೆ ಬಾರದಿರಲಿ. ಬಂದರೆ, ಆ ಪುಸ್ತಕ ನಿಮ್ಮ ಕಡೆಯ ಮೊದಲ ಸಾಕ್ಷಿ.